ರಟ್ಟಿನೊಳಗಿನ ಚೀಟಿ

ಗ್ರಂಥಾಲಯದ ಹಿಂಭಾಗ, ರಿಪೇರಿ ಕೋಣೆ
ಬುಧವಾರ, ಮಾರ್ಚ್ ೬

ಪ್ರೀತಿಯ ಚಿಕ್ಕಪ್ಪಾ,

ಹೇಗಿದ್ದೀಯ? ಕಣ್ಣು ಹೇಗಿದೆ? ಹೋದ ವರ್ಷದ ಕಾರ್ಡಿನಲ್ಲಿ ‘ನಾನು ಚೆನ್ನಾಗಿದ್ದೇನೆ’ ಎಂಬ ನಿನ್ನ ಒಂದೇ ಒಂದು ಸಾಲು ಎಡಗಡೆ ಸರಿಯಾಗಿ ಹೊರಟು ಬಲಗಡೆ ಬರುವಷ್ಟರಲ್ಲಿ ಕೆಳಗೆ ಜಾರಿತ್ತು. ಗೆರೆ ಹಾಕಿದಂತೆ ಬರೆಯುತ್ತಿದ್ದವನು ನೀನು. ಅರವತ್ತಾರಾಯಿತಲ್ಲ, ಒಬ್ಬ ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಲು ಏನು ಕಷ್ಟ? ಮೊಣಕಾಲು ನೋವು ಇದ್ದೇ ಇರುತ್ತದೆ, ಅದು ನಮ್ಮ ಮನೆತನದ ಆಸ್ತಿ. ನನಗೂ ಬಂದಿದೆ, ಮೆಟ್ಟಿಲು ಇಳಿಯುವಾಗ ಕಟಕಟ ಎನ್ನುತ್ತದೆ. ಸರಿಯಾದ ಹೊತ್ತಿಗೆ ಊಟ ಮಾಡುತ್ತೀಯೋ ಇಲ್ಲವೋ ಎಂದು ಕೇಳುವುದಿಲ್ಲ, ಮಾಡುವುದಿಲ್ಲ ಎಂದು ಗೊತ್ತು. ನಲವತ್ತೊಂದು ವರ್ಷದಲ್ಲಿ ನಿನಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ವಿಳಾಸ ಹೇಗೆ ಸಿಕ್ಕಿತು ಎಂದು ತಲೆ ಕೆಡಿಸಿಕೊಳ್ಳಬೇಡ. ಹೋದ ವರ್ಷದ ಕಾರ್ಡಿನ ಮೂಲೆಯಲ್ಲಿ ಅಚ್ಚುಕೂಟವೊಂದರ ಮೊಹರು ಬಿದ್ದಿತ್ತು. ಬೇಕೆಂದೇ ಬೀಳಿಸಿದೆಯೋ, ಕೈಗೆ ಸಿಕ್ಕ ಕಾರ್ಡಿಗೆ ಬರೆದೆಯೋ, ಅದು ನಿನಗೇ ಗೊತ್ತು. ಪ್ರೂಫ್ ನೋಡುವ ಕೆಲಸವಿರಬೇಕೆಂದು ಊಹಿಸಿದ್ದೇನೆ. ಎರಡು ಪದದ ಸಾಲಿಗೂ ಮರೆಯದೆ ಪೂರ್ಣವಿರಾಮ ಇಡುವವರು ಇನ್ನೇನು ಕೆಲಸ ಮಾಡುತ್ತಾರೆ?

ಏಕವಚನದಲ್ಲಿ ಬರೆಯುತ್ತಿದ್ದೇನೆ, ಕೋಪಿಸಿಕೊಳ್ಳಬೇಡ. ನೀನು ಹೋದಾಗ ನನಗೆ ಏಳು ವರ್ಷ, ಆಗ ನೀನು ನನಗೆ ‘ನೀನು’ ಆಗಿದ್ದೆ. ಆಮೇಲೆ ನಿನ್ನನ್ನು ಬಹುವಚನಕ್ಕೆ ಏರಿಸುವ ಅವಕಾಶವೇ ಬರಲಿಲ್ಲ. ಬೇಡವೆನಿಸಿದರೆ ಮುಂದಿನ ಕಾರ್ಡಿನಲ್ಲಿ ಬೈದು ಬರಿ, ಕಡೇಪಕ್ಷ ಸಾಲು ಎರಡಾಗುತ್ತದೆ. ಇಲ್ಲಿ ನಾವು ಕ್ಷೇಮ. ಮನೆಯವರಿಗೆ ರಕ್ತದೊತ್ತಡವೆಂದು ಉಪ್ಪು ಕಡಿಮೆ ಮಾಡಿದ್ದೇನೆ, ದಿನಾ ನನ್ನನ್ನು ಶಪಿಸುತ್ತಾ ಎರಡು ಸಲ ಬಡಿಸಿಕೊಂಡು ತಿನ್ನುತ್ತಾರೆ. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ಅಪ್ಪ ಹೋಗಿ ಹತ್ತೊಂಬತ್ತು. ಅಪ್ಪ ಹೋದದ್ದು ನಿನಗೆ ಹೇಗೋ ತಿಳಿದಿರಬೇಕು, ಆ ವರ್ಷ ಮಾತ್ರ ಎರಡು ಕಾರ್ಡು ಬಂದಿದ್ದವು. ಎರಡನೆಯದರಲ್ಲಿ ಏನೂ ಬರೆದಿರಲಿಲ್ಲ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಬರೆಯೋಕೆ ಮುಖ ಬೇಕಲ್ಲ’ ಅಂದಳು. ಆಗ ನನಗೂ ಹಾಗೆಯೇ ಅನಿಸಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ನಿನಗೆ ನನ್ನ ಮೇಲೆ ಸುಳ್ಳು ಮಮತೆ ಉಕ್ಕುವುದು ಬೇಡ.

ಕೆಲಸದ ವಿಷಯಕ್ಕೆ ಬರುತ್ತೇನೆ. ನಾನು ಅಪ್ಪನ ಗ್ರಂಥಾಲಯದಲ್ಲೇ ಇದ್ದೇನೆ, ಇಪ್ಪತ್ತಾರು ವರ್ಷದಿಂದ. ಪುಸ್ತಕ ಕೊಡುವ ಮೇಜಿನಲ್ಲಲ್ಲ, ಹಿಂದಿನ ಕೋಣೆಯಲ್ಲಿ. ಹರಿದದ್ದನ್ನು ಹೊಲಿಯುವುದು, ಬಿಚ್ಚಿದ್ದನ್ನು ಅಂಟಿಸುವುದು. ಅಪ್ಪನೇ ಕಲಿಸಿದ್ದು. ಈಗಿನ ಮುಖ್ಯಸ್ಥೆ ಒಬ್ಬ ಚಿಕ್ಕ ವಯಸ್ಸಿನ ಮೇಡಂ. ಒಳ್ಳೆಯ ಹೆಂಗಸು, ಆದರೆ ತಲೆಯಲ್ಲಿ ದಿನಕ್ಕೊಂದು ಯೋಜನೆ. ಈ ಸಲ ಅವರಿಗೆ ಹೊಳೆದಿರುವುದು ನಮ್ಮ ಐತಿಹಾಸಿಕ ಸಂಗ್ರಹದ ಪ್ರದರ್ಶನ. ಸ್ವಾತಂತ್ರ್ಯದ ಬಗ್ಗೆ ಆ ಕಾಲದಲ್ಲೇ ಬಂದ ಪುಸ್ತಕಗಳು ನಮ್ಮಲ್ಲಿ ಮುನ್ನೂರ ನಲವತ್ತು ಇವೆ. ಅವಸರದಲ್ಲಿ ಅಚ್ಚಾಗಿ ಒಂದು ಬದಿಯ ಶಾಯಿ ಇನ್ನೊಂದು ಬದಿಗೆ ಇಳಿದಿರುವಂಥವು, ಸೆರೆಮನೆಯ ಮೊಹರು ಬಿದ್ದವು, ಅಂಗೈಯಗಲದ ಕಿರುಹೊತ್ತಿಗೆಗಳು, ಮುಟ್ಟಿದರೆ ಹಪ್ಪಳದಂತೆ ಮುರಿಯುವ ಹಾಳೆಗಳು. ಇವನ್ನೆಲ್ಲ ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನರಿಗೆ ತೋರಿಸಬೇಕಂತೆ. ಇನ್ನು ಹನ್ನೆರಡು ದಿನವಿದೆ. ಮೂರು ತಿಂಗಳಿನಿಂದ ನಾನು ಕತ್ತು ಬಗ್ಗಿಸಿದ್ದು ಎತ್ತಿಲ್ಲ.

ಹೋದ ತಿಂಗಳು ಮೇಡಂ ಉಗ್ರಾಣದ ಮೂಲೆಯಿಂದ ಒಂದು ಪುಸ್ತಕ ಎತ್ತಿಕೊಂಡು ಓಡೋಡಿ ಬಂದರು. ಪಶುವೈದ್ಯದ ಕಪಾಟಿನಲ್ಲಿತ್ತಂತೆ. ಕಂದು ಬಟ್ಟೆಯ ಬೆನ್ನು, ಅದರ ಮೇಲೆ ‘ಗೊರಸಿನ ರೋಗಗಳು’. ತೆರೆದರೆ ಒಳಗೆ ಗೊರಸೂ ಇಲ್ಲ, ರೋಗವೂ ಇಲ್ಲ. ನಿನಗೆ ನೆನಪಾಗಿರುತ್ತದೆ. ಸರ್ಕಾರ ನಿಷೇಧಿಸಿದ್ದ ಅದನ್ನು ನೀನು ಎಲ್ಲಿಂದಲೋ ತಂದು, ಹೆಸರಿನ ಪುಟ ಹರಿದು ಒಲೆಗೆ ಹಾಕಿದ್ದೆ. ಅಪ್ಪ ಅಡುಗೆಮನೆಯ ಮೇಜಿನ ಮೇಲೆ ಅದಕ್ಕೆ ಹೊಸ ರಟ್ಟು ಕಟ್ಟುತ್ತಿದ್ದರು. ನಾನು ಮೇಜಿನ ಕೆಳಗೆ ಕೂತು ಬಟ್ಟೆಯ ಚೂರುಗಳನ್ನು ಆರಿಸಿಕೊಳ್ಳುತ್ತಿದ್ದೆ. ಏನು ಹೆಸರು ಹಾಕುವುದೆಂದು ನೀವಿಬ್ಬರೂ ನಕ್ಕು ನಕ್ಕು ಸಾಕಾದಿರಿ. ‘ಯಾರೂ ಕೇಳಬಾರದಂಥ ಹೆಸರು ಹೇಳೋ’ ಅಂದರು ಅಪ್ಪ. ‘ಗೊರಸಿನ ರೋಗ ಅಂತ ಹಾಕಣ್ಣ, ದನಗಳೂ ಕೇಳಲ್ಲ’ ಅಂದೆ ನೀನು. ಅಪ್ಪ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ಆಮೇಲೆ ಒಂದು ದಿನವೂ ನೋಡಲಿಲ್ಲ.

ನಂತರದ್ದು ನನ್ನ ಏಳು ವರ್ಷದ ಕಣ್ಣಿಗೆ ಕಂಡಷ್ಟು ಮಾತ್ರ ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ನೀನು, ನಿನ್ನ ಗೆಳೆಯರು ಹನ್ನೊಂದು ಜನ, ಒಟ್ಟು ಹನ್ನೆರಡು ಮಂದಿ ಆ ಪುಸ್ತಕವನ್ನು ಒಬ್ಬರಾದ ಮೇಲೊಬ್ಬರು ಗ್ರಂಥಾಲಯದಿಂದ ಒಯ್ದು ಓದಿದಿರಿ. ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಪೊಲೀಸರು ಗ್ರಂಥಾಲಯಕ್ಕೆ ನುಗ್ಗಿದರು; ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮನೆಗಳಿಂದ ಹನ್ನೊಂದು ಜನರನ್ನು ಎಳೆದೊಯ್ದರು. ಅಪ್ಪನನ್ನೂ ಕರೆದೊಯ್ದು ಎರಡು ದಿನ ಕೂರಿಸಿಕೊಂಡು ಬಿಟ್ಟರು. ‘ಬೆನ್ನಿನ ಮೇಲೆ ಏನಿದೆಯೋ ಅದನ್ನೇ ನಂಬಿ ಕೊಡೋನು ಸ್ವಾಮಿ ನಾನು’ ಎಂದರಂತೆ. ಅಂದಿನ ಪೊಲೀಸ್ ದೊಡ್ಡ ಸಾಹೇಬರಿಗೆ ಅಪ್ಪನ ಮೇಲೆ ನಂಬಿಕೆಯಿತ್ತು. ನಿನ್ನನ್ನು ಮಾತ್ರ ಯಾರೂ ಹುಡುಕಿಕೊಂಡು ಬರಲಿಲ್ಲ. ಹನ್ನೆರಡರಲ್ಲಿ ಹನ್ನೊಂದು ಒಳಗೆ, ಒಬ್ಬ ಹೊರಗೆ. ಇದಕ್ಕಿಂತ ಹೆಚ್ಚಿನ ಲೆಕ್ಕ ಬೀದಿಯ ಜನಕ್ಕೆ ಬೇಕಿರಲಿಲ್ಲ. ವಿಚಾರಣೆಯೇ ಇಲ್ಲದೆ ಒಳಗಿಟ್ಟಿದ್ದರಿಂದ ಯಾರು ಹೇಳಿದರು, ಹೇಗೆ ಸಿಕ್ಕಿತು ಎಂಬುದು ಎಂದಿಗೂ ಹೊರಗೆ ಬರಲಿಲ್ಲ. ಮೂರನೆಯ ವಾರ ಅವರಲ್ಲೊಬ್ಬ, ದರ್ಜಿ ಹುಡುಗ, ಒಳಗೇ ಸತ್ತ. ಇಪ್ಪತ್ತೊಂದು ವರ್ಷ. ಅವನ ತಾಯಿ ನಮ್ಮ ಬಾಗಿಲಿಗೆ ಬಂದು ಬೀದಿಯ ಮಣ್ಣು ಬಾಚಿ ನಿನ್ನ ಮುಖಕ್ಕೆ ಎರಚಿದಳು. ನೀನು ಕೈ ಅಡ್ಡ ಹಿಡಿಯಲಿಲ್ಲ. ಅಪ್ಪ ನಿನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಬಿಳಿ ಅಂಗಿಯ ಮೇಲೂ ಒಂದಿಷ್ಟು ಬಿತ್ತು, ಅದನ್ನು ಬೆರಳಿನಿಂದ ಕೊಡವಿಕೊಂಡರು. ಮಾರನೆಯ ಬೆಳಿಗ್ಗೆ ನೀನಿರಲಿಲ್ಲ. ನೀನು ಹೋಗಬಾರದೆಂದು ನಾನು ನಿನ್ನ ಒಂದು ಚಪ್ಪಲಿ ಬಚ್ಚಿಟ್ಟಿದ್ದೆ, ನೀನು ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದೆ. ಅದಾದ ಮೇಲೆ ಶಾಲೆಯಲ್ಲಿ ಯಾರಾದರೂ ಕೇಳಿದರೆ ನನಗೆ ಚಿಕ್ಕಪ್ಪನೇ ಇಲ್ಲ ಎನ್ನುತ್ತಿದ್ದೆ. ಹೇಳಿ ಹೇಳಿ ಅಭ್ಯಾಸವಾಯಿತು.

ದರ್ಜಿಯ ತಾಯಿ ಇನ್ನೂ ಇದ್ದಾರೆ. ಎಂಬತ್ತು ದಾಟಿರಬೇಕು. ಮಗ ಸತ್ತ ಮರುವರ್ಷದಿಂದ ಪ್ರತಿ ಗುರುವಾರ ಗ್ರಂಥಾಲಯಕ್ಕೆ ಬರುತ್ತಾರೆ. ಒಂದಕ್ಷರ ಓದಲು ಬರುವುದಿಲ್ಲ. ಮೇಜಿನ ಮುಂದೆ ನಿಂತು, ‘ನನ್ನ ಮಗ ಓದಿದ ಪುಸ್ತಕ ಕೊಡಿ’ ಎನ್ನುತ್ತಾರೆ. ಅಪ್ಪ ಮರುಮಾತಾಡದೆ ಒಳಗೆ ಹೋಗಿ ಯಾವುದಾದರೊಂದು ಪುಸ್ತಕ ತಂದುಕೊಡುತ್ತಿದ್ದರು, ಆಕೆ ಕಿಟಕಿಯ ಪಕ್ಕ ಕೂತು ಅದನ್ನು ತೆರೆದಿಟ್ಟುಕೊಂಡು ಒಂದು ಗಂಟೆ ನೋಡಿ, ಎದ್ದು, ಎರಡೂ ಕೈಯಲ್ಲಿ ಹಿಂತಿರುಗಿಸಿ ಹೋಗುತ್ತಿದ್ದರು. ನಿಜವಾದ ಪುಸ್ತಕ ಎಲ್ಲಿ ಎಂದು ಒಮ್ಮೆ ನಾನೇ ಅಪ್ಪನನ್ನು ಕೇಳಿದ್ದೆ. ‘ಪೊಲೀಸರ ಹತ್ರಾನೇ ಉಳೀತು’ ಅಂದಿದ್ದರು. ಅಪ್ಪನ ನಂತರ ಗುರುವಾರ ಮೇಜಿನಲ್ಲಿ ಕೂರುವ ಕೆಲಸ ನನಗೆ ಬಂತು, ಯಾವುದಾದರೊಂದು ಪುಸ್ತಕ ಕೊಡುವ ಕೆಲಸವೂ ಜೊತೆಗೇ ಬಂತು. ಹತ್ತೊಂಬತ್ತು ವರ್ಷ ಕೊಟ್ಟಿದ್ದೇನೆ. ಭೂಗೋಳ ಕೊಟ್ಟಿದ್ದೇನೆ, ಹೊಲಿಗೆಯ ಪುಸ್ತಕ ಕೊಟ್ಟಿದ್ದೇನೆ, ಒಮ್ಮೆ ಬೇರೇನೂ ಕೈಗೆ ಸಿಗದೆ ರೈಲ್ವೆ ವೇಳಾಪಟ್ಟಿ ಕೊಟ್ಟಿದ್ದೇನೆ. ಅದನ್ನೂ ಆಕೆ ಅಷ್ಟೇ ಹೊತ್ತು ನೋಡಿದರು.

ಪುಸ್ತಕ ಪೊಲೀಸರ ಹತ್ತಿರ ಉಳಿದಿರಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ ವಾಪಸು ಬಂದಿತ್ತು, ಬಂದ ತಾರೀಕಿನ ಮುದ್ರೆ ಮೊದಲ ಪುಟದಲ್ಲೇ ಇದೆ. ಅಪ್ಪ ಅದನ್ನು ಬೆನ್ನಿನ ಮೇಲಿನ ಹೆಸರಿಗೆ ತಕ್ಕಂತೆ ಪಶುವೈದ್ಯದ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದರು. ಮೇಡಂ ಪಾಲಿಗೆ ಇದು ನಿಧಿ. ‘ನಡುವಿನ ಪೆಟ್ಟಿಗೆಯಲ್ಲಿ ಇದನ್ನೇ ಇಡೋಣ, ಹಿಂದಿನ ರಟ್ಟು ಉಬ್ಬಿದೆ, ಸರಿಮಾಡಿ ಕೊಡಿ’ ಅಂದರು. ಸೋಮವಾರ ಬೆಳಿಗ್ಗೆ ಕೈಗೆತ್ತಿಕೊಂಡೆ. ರಟ್ಟಿನ ಒಳಮೈಗೆ ಅಂಟಿಸಿದ್ದ ಹಾಳೆ ಉಳಿದ ಹಾಳೆಗಳಿಗಿಂತ ಹೊಸದಿತ್ತು. ಅಂಚಿನಲ್ಲಿ ಅಂಟು ಸ್ವಲ್ಪ ಹೊರಗೆ ಬಂದು ಒಣಗಿತ್ತು, ಬಣ್ಣ ಎಳೆ ಹಸಿರು. ಹುಳು ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದವರು ಇಲ್ಲಿ ಒಬ್ಬರೇ, ಅದೂ ಕೈ ಮುಂದೆ ಮಾಡಿ ಜಾಸ್ತಿ ಬೆರೆಸುತ್ತಿದ್ದವರು. ಅಪ್ಪನ ಅಂಟು ನನಗೆ ಅವರ ಅಕ್ಷರದಷ್ಟೇ ಪರಿಚಯ. ಒದ್ದೆ ಬಟ್ಟೆ ಇಟ್ಟು, ಮೆತ್ತಗಾಗುವವರೆಗೆ ಕಾದು, ತೆಳು ಚಾಕುವಿನಿಂದ ಎಬ್ಬಿಸಿದೆ. ಕೆಳಗೆ ಎರಡು ಕಾಗದಗಳಿದ್ದವು.

ಮೊದಲನೆಯದು ಪುಸ್ತಕ ಒಯ್ದವರ ಚೀಟಿ. ಎಲ್ಲ ಪುಸ್ತಕಕ್ಕೂ ಹಿಂದೆ ಇರುತ್ತದಲ್ಲ, ಓದುಗರ ನಂಬರು ಎಡಕ್ಕೆ, ತಾರೀಕು ಬಲಕ್ಕೆ. ಅಪ್ಪನ ಮುತ್ತಿನಂಥ ಅಕ್ಷರದಲ್ಲಿ ಹನ್ನೊಂದು ನಂಬರು. ಪ್ರತಿಯೊಂದರ ಪಕ್ಕ ಕೆಂಪು ಶಾಯಿಯಲ್ಲಿ ಒರಟು ಗುರುತು, ಮೂಲೆಯಲ್ಲಿ ಪೊಲೀಸರ ಮೊಹರು. ಹಳೆಯ ಸದಸ್ಯರ ಪುಸ್ತಕ ತೆಗೆದು ನಂಬರಿಗೆ ಹೆಸರು ಹೊಂದಿಸುತ್ತಾ ಹೋದೆ. ಹನ್ನೊಂದೂ ಅವರೇ. ಏಳನೆಯದು ದರ್ಜಿ. ಯಾರೂ ಹೇಳಿಕೊಟ್ಟಿರಲಿಲ್ಲ ಚಿಕ್ಕಪ್ಪಾ. ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಇಡೀ ಊರಿನಲ್ಲಿ ದನ ಕಟ್ಟಿದವರೊಬ್ಬರೂ ಒಯ್ಯದ ಪುಸ್ತಕವನ್ನು ದರ್ಜಿ ಒಯ್ದಿದ್ದಾನೆ, ಮೇಷ್ಟ್ರು ಒಯ್ದಿದ್ದಾರೆ, ಗಡಿಯಾರ ರಿಪೇರಿಯವನು ಒಯ್ದಿದ್ದಾನೆ. ಚೀಟಿ ನೋಡಿದ ಎಂಥ ದಡ್ಡ ಪೊಲೀಸನಿಗೂ ಪುಸ್ತಕ ತೆರೆದು ನೋಡೋಣ ಅನಿಸಿರುತ್ತದೆ. ಸರ್ಕಾರ ನಿಷೇಧಿಸಿದ ಪುಸ್ತಕಕ್ಕೆ ಸುಳ್ಳು ಹೆಸರು ಕಟ್ಟುವಷ್ಟು ಧೈರ್ಯವಿದ್ದ ಮನುಷ್ಯ, ಅದನ್ನು ಒಯ್ದವರ ನಂಬರನ್ನು ಬರೆಯದೆ ಬಿಡಲಾರದೆ ಹೋದರು. ‘ನಮೂದಿಲ್ಲದೆ ಪುಸ್ತಕ ಮೇಜು ದಾಟಬಾರದು’, ನನಗೆ ಕೆಲಸ ಕಲಿಸುವಾಗ ಮೊದಲ ದಿನ ಹೇಳಿದ ಮಾತೇ ಅದು. ನಿನ್ನ ನಂಬರು ಯಾಕಿಲ್ಲ ಎಂಬುದೂ ಆಗ ತಿಳಿಯಿತು. ಇಲ್ಲಿ ಕೆಲಸ ಮಾಡುವವರ ಮನೆಯವರು ಶನಿವಾರ ಸಂಜೆ ಪುಸ್ತಕ ಒಯ್ದು ಸೋಮವಾರ ತಂದಿಟ್ಟರೆ ಅದಕ್ಕೆ ನಮೂದು ಬೇಡ, ಇಂದಿಗೂ ಅದೇ ಪದ್ಧತಿ. ಅಪ್ಪನ ನಿಯಮ ಹನ್ನೊಂದು ಜನರನ್ನು ಹಿಡಿದುಕೊಟ್ಟಿತು, ಅದೇ ನಿಯಮ ನಿನ್ನನ್ನು ಬಿಟ್ಟಿತು. ಬಿಟ್ಟದ್ದೇ ನಿನಗೆ ಮುಳುವಾಯಿತು.

ಇಷ್ಟೇ ಆಗಿದ್ದರೆ ಅಪ್ಪ ಅರಿಯದೆ ಮಾಡಿದರು ಎಂದು ಅತ್ತು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಎರಡನೆಯ ಕಾಗದ ಸಮಾಧಾನಕ್ಕೆ ಜಾಗ ಬಿಡಲಿಲ್ಲ. ಅದು ಗೋಡೆ ಕ್ಯಾಲೆಂಡರಿನಿಂದ ಹರಿದ ದಿನದ ಹಾಳೆ. ಪೊಲೀಸರು ಬರುವುದಕ್ಕೆ ಮೂರು ದಿನ ಮುಂಚಿನದು. ಅದರ ಬೆನ್ನಿನಲ್ಲಿ ಪೆನ್ಸಿಲ್ಲಿನಿಂದ ಬರೆದಿತ್ತು: ‘ಅಣ್ಣಾ, ಹಿಂದಿನ ಚೀಟಿ ಕಿತ್ತುಹಾಕು. ಎಲ್ಲರ ನಂಬರೂ ಇದೆ.’ ಗೆರೆ ಹಾಕಿದಂಥ ಅಕ್ಷರ, ಎರಡೂ ಸಾಲಿಗೆ ಪೂರ್ಣವಿರಾಮ. ನೀನು ಪುಸ್ತಕ ಹಿಂತಿರುಗಿಸುವಾಗ ಇದನ್ನು ಒಳಗಿಟ್ಟಿರಬೇಕು. ಅಪ್ಪ ಇದನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದಾರೆ, ಚೀಟಿಯನ್ನು ಹಾಗೇ ಬಿಟ್ಟಿದ್ದಾರೆ. ನಿನ್ನ ಸಾಲಿನ ಕೆಳಗೆ ಅಪ್ಪನ ಶಾಯಿಯಲ್ಲಿ ಇನ್ನೂ ಎರಡು ಪದಗಳಿವೆ. ತಮ್ಮ ಮೇಜಿಗೆ ಬಂದ ಪ್ರತಿ ಕಾಗದಕ್ಕೂ ‘ನೋಡಿದೆ’ ಎಂದು ಬರೆದು ತಾರೀಕು ಹಾಕಿ ಸಹಿ ಮಾಡುತ್ತಿದ್ದರಲ್ಲ, ಹಾಗೆಯೇ. ‘ನೋಡಿದೆ. ಕೀಳಲಿಲ್ಲ.’ ಕೆಳಗೆ ಸಹಿ. ತಾರೀಕು ಪುಸ್ತಕ ಪೊಲೀಸರಿಂದ ವಾಪಸು ಬಂದ ದಿನದ್ದು. ಅವತ್ತು ಎರಡನ್ನೂ ಸುಟ್ಟುಹಾಕಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಪುಸ್ತಕದಿಂದ ಒಂದು ಚೂರು ಕೀಳಲೂ ಆ ಕೈಗೆ ಬರುತ್ತಿರಲಿಲ್ಲ. ಆದ್ದರಿಂದ ಮೇಲೊಂದು ಹಾಳೆ ಅಂಟಿಸಿ, ದನದ ಡಾಕ್ಟರ ಕಪಾಟಿನಲ್ಲಿಟ್ಟು, ಮೂವತ್ತೇಳು ವರ್ಷ ಯಾರಾದರೂ ಬಿಚ್ಚಲಿ ಎಂದು ಕಾದಿದ್ದಾರೋ, ಯಾರೂ ಬಿಚ್ಚದಿರಲಿ ಎಂದು ಕಾದಿದ್ದಾರೋ, ನನಗೆ ತಿಳಿಯದು. ಅವರು ಸತ್ತು ಹತ್ತೊಂಬತ್ತಾಯಿತೆಂದು ಮೇಲೆ ಬರೆದಿದ್ದೇನೆ. ಆದರೂ ಕಾದಿದ್ದಾರೆ ಎಂದೇ ಬರೆಯುತ್ತೇನೆ, ಯಾಕೆಂದರೆ ಈಗ ಅವರು ಬರುತ್ತಾರೆ.

ನಗಬೇಡ. ನನಗೆ ದೆವ್ವದ ಭಯ ಚಿಕ್ಕಂದಿನಲ್ಲೂ ಇರಲಿಲ್ಲ, ನೀನೇ ಎಷ್ಟೊಂದು ಸಲ ಹೆದರಿಸಲು ಹೋಗಿ ಸೋತಿದ್ದೀಯ. ಸೋಮವಾರ ಆ ಹಾಳೆ ಎಬ್ಬಿಸಿದಾಗಿನಿಂದ, ಬೆಳಿಗ್ಗೆ ಬಿಸಿಲು ಮೂರನೆಯ ಕಪಾಟಿನ ಮೇಲೆ ಬೀಳುವ ಹೊತ್ತಿಗೆ ಅಪ್ಪ ಈ ಕೋಣೆಯಲ್ಲಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಮೇಜಿನ ಮೇಲೆ ನಾನು ಅಡ್ಡಾದಿಡ್ಡಿ ಬಿಟ್ಟುಹೋದ ಪೆನ್ಸಿಲುಗಳು ಬಂದು ನೋಡಿದರೆ ಸಾಲಾಗಿರುತ್ತವೆ. ಮೈಲುತುತ್ತದ ಡಬ್ಬಿಯನ್ನು ನಾನು ಮುಟ್ಟಿಯೇ ಇಲ್ಲ, ಮುಚ್ಚಳ ತೆರೆದಿರುತ್ತದೆ. ಹೊರಗಿನ ಮೇಜಿನಿಂದ ತಾರೀಕಿನ ಮುದ್ರೆ ಒತ್ತುವ ಸದ್ದು ಬರುತ್ತದೆ, ಎದ್ದು ಹೋಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಎಷ್ಟು ಸಲವೆಂದು ಎಣಿಸಿದೆ, ಹನ್ನೊಂದು. ನಿನ್ನೆ ಓದುವ ಕೋಣೆಯಲ್ಲಿ ಕುರ್ಚಿಗಳನ್ನು ಒಳಗೆ ತಳ್ಳುವಾಗ ಎಳೆದಿದ್ದವು ಎಷ್ಟೆಂದು ಎಣಿಸಿದೆ, ಎಣಿಸಬಾರದಿತ್ತು. ಪುಸ್ತಕವಂತೂ ಮೇಜಿನ ಮೇಲಿಟ್ಟರೆ ತಾನಾಗಿ ಒಂದೇ ಪುಟಕ್ಕೆ ತೆರೆದುಕೊಳ್ಳುತ್ತದೆ, ಎಲ್ಲರೂ ಅಲ್ಲೇ ಹೆಚ್ಚು ಹೊತ್ತು ನಿಂತಿರಬೇಕು. ಅಂಚಿನಲ್ಲಿ ಹೆಬ್ಬೆರಳುಗಳ ಕಪ್ಪು, ಒಂದೆಡೆ ಗಡಿಯಾರದ ಎಣ್ಣೆಯ ಚುಕ್ಕೆ, ಒಂದು ಸಾಲಿನ ಪಕ್ಕ ದರ್ಜಿಯ ನೀಲಿ ಸೀಮೆಸುಣ್ಣದ ಗೀಟು. ನಲವತ್ತೊಂದು ವರ್ಷದ ಗೀಟು, ಊದಿದರೆ ಹಾರಿಹೋದೀತೆಂದು ಉಸಿರು ಬಿಗಿಹಿಡಿದು ಪುಟ ತಿರುಗಿಸುತ್ತೇನೆ. ಹೆದರಿಕೆಯಲ್ಲ ಚಿಕ್ಕಪ್ಪಾ. ಯಾರೋ ಹೆಗಲ ಹಿಂದೆ ನಿಂತು ನಾನೇನು ಮಾಡುತ್ತೇನೆಂದು ನೋಡುತ್ತಿದ್ದಾರೆ, ಬಾಯಿ ಬಿಟ್ಟು ಹೇಳುತ್ತಿಲ್ಲ. ಬದುಕಿದ್ದಾಗಲೂ ಹಾಗೆಯೇ ಇದ್ದರಲ್ಲ.

ಈಗ ನನ್ನ ಸಂಕಟ ಕೇಳು. ಗಾಜಿನ ಪೆಟ್ಟಿಗೆಯಲ್ಲಿ ಇಡಲು ಮೇಡಂ ಒಂದು ವಿವರಣೆ ಬರೆಸಿ ಕಳಿಸಿದ್ದಾರೆ, ಅದು ಇಲ್ಲೇ ನನ್ನ ಮುಂದಿದೆ: ‘ಈ ಪುಸ್ತಕ ಓದಿದ್ದಕ್ಕಾಗಿ ಹನ್ನೊಂದು ಯುವಕರು ಸೆರೆ ಸೇರಿದರು. ಜೊತೆಗಾರನೊಬ್ಬನ ದ್ರೋಹದಿಂದ ಅವರು ಸಿಕ್ಕಿಬಿದ್ದರು.’ ಪಕ್ಕದಲ್ಲೇ ಅಪ್ಪನ ಫೋಟೋ, ನಿಷೇಧಿತ ಪುಸ್ತಕವನ್ನು ಕಾಪಾಡಿದ ಗ್ರಂಥಪಾಲಕರೆಂದು. ಮೇಡಂ ಪಾಪ, ಊರು ಹೇಳಿದ್ದನ್ನು ಬರೆದಿದ್ದಾರೆ. ಚೀಟಿಯ ವಿಷಯ ಅವರಿಗಿನ್ನೂ ಹೇಳಿಲ್ಲ. ಹೇಳಿದರೆ ನೀನು ಉಳಿಯುತ್ತೀಯ, ಅಪ್ಪ ಹೋಗುತ್ತಾರೆ. ಹೇಳದಿದ್ದರೆ ನಿನ್ನ ದ್ರೋಹಕ್ಕೆ ಗಾಜು ಹಾಕಿ ದೀಪ ಹಚ್ಚುವವಳು ನಾನೇ ಆಗುತ್ತೇನೆ. ಮನೆಯವರಿಗೆ ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆಯೆತ್ತದೆ, ‘ಸತ್ತೋರನ್ನ ಯಾಕೆ ಎಬ್ಬಿಸ್ತೀಯ, ಹಾಳೆ ಇದ್ದ ಹಾಗೆ ಅಂಟಿಸಿಬಿಡು’ ಅಂದರು. ‘ಬದುಕಿರೋರು ಒಬ್ಬರಿದಾರೆ’ ಅಂದೆ. ‘ಅವರೇ ಬಾಯಿ ಬಿಟ್ಟಿಲ್ಲವಲ್ಲ’ ಅಂದರು.

ಅದೇ ನನಗೆ ಅರ್ಥವಾಗದ್ದು. ನಿನಗೆ ಗೊತ್ತಿತ್ತು. ಮಣ್ಣು ಮುಖದ ಮೇಲೆ ಬಿದ್ದಾಗಲೂ ಗೊತ್ತಿತ್ತು. ಪಕ್ಕದಲ್ಲಿ ನಿಂತಿದ್ದವರ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಿದ್ದರೆ ಅಪ್ಪನ ಕೆಲಸ ಹೋಗುತ್ತಿತ್ತು, ಹನ್ನೊಂದು ಮನೆಯವರು ಅಪ್ಪನನ್ನು ಬೀದಿಯಲ್ಲಿ ತಲೆಯೆತ್ತಿ ನಡೆಯಲು ಬಿಡುತ್ತಿರಲಿಲ್ಲ, ಅಮ್ಮ, ನಾನು ಎಲ್ಲಿಗೆ ಹೋಗುತ್ತಿದ್ದೆವೋ. ಒಂಟಿ ಮನುಷ್ಯ ಎಲ್ಲಿಯಾದರೂ ಬದುಕಿಕೊಂಡಾನು ಎಂದು ಲೆಕ್ಕ ಹಾಕಿದೆಯಾ? ನಮಗಾಗಿ ಹೋದೆಯೋ, ಅಣ್ಣನ ಮೇಲಿನ ಸಿಟ್ಟಿಗೆ ಹೋದೆಯೋ? ನೀನು ಹೋದ ಮೇಲೆ ನಾವು ಸುಖವಾಗಿ ಉಂಡೆವು ಎಂದುಕೊಂಡಿದ್ದರೆ ತಿದ್ದಿಕೋ. ಅಪ್ಪ ಮನೆಯಲ್ಲಿ ದಿನಕ್ಕೆ ನಾಲ್ಕು ಮಾತು ಆಡುತ್ತಿದ್ದರು. ನಾನು ನಿನ್ನನ್ನು ದ್ವೇಷಿಸಿದೆ. ಸುಮ್ಮನೆ ಅಲ್ಲ, ಮನಸ್ಸಿಟ್ಟು ದ್ವೇಷಿಸಿದೆ, ವರ್ಷಕ್ಕೊಂದು ಕಾರ್ಡು ಬಂದಾಗ ಓದಿ ಒಲೆಯ ಪಕ್ಕ ಇಡುತ್ತಿದ್ದೆ, ಒಲೆಗೆ ಹಾಕುವ ಧೈರ್ಯ ಮಾತ್ರ ಬರಲಿಲ್ಲ. ನಲವತ್ತೆಂಟು ವರ್ಷದ ಹೆಂಗಸು ಸೋಮವಾರ ಈ ಮೇಜಿನ ಮೇಲೆ ತಲೆಯಿಟ್ಟು ಅತ್ತದ್ದು ಅಪ್ಪನಿಗಾಗಿ ಅಲ್ಲ, ಅದಕ್ಕೆ. ಕ್ಷಮಿಸು ಎಂದು ಕೇಳಲು ನಾಲಿಗೆ ಏಳುವುದಿಲ್ಲ, ಆದರೂ ಕೇಳುತ್ತಿದ್ದೇನೆ.

ನೀನೇ ತೀರ್ಮಾನ ಹೇಳು. ನಿನ್ನ ಮೌನ ನಿನ್ನದು, ಅದನ್ನು ಮುರಿಯುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ಈ ಪತ್ರ ತಲುಪಿದ ದಿನವೇ ಒಂದು ಕಾರ್ಡು ಹಾಕು. ‘ಅಂಟಿಸು’ ಅಥವಾ ‘ತೋರಿಸು’, ಒಂದೇ ಪದ ಸಾಕು, ನಿನಗೂ ಅದೇ ಅಭ್ಯಾಸ. ಅಂಟಿಸು ಎಂದರೆ ಅಪ್ಪನ ಮೈಲುತುತ್ತದ ಅಂಟಿನಲ್ಲೇ ಅಂಟಿಸುತ್ತೇನೆ, ಆಮೇಲೆ ಈ ಕೋಣೆಯಲ್ಲಿ ಅವರೊಂದಿಗೆ ಹೇಗೆ ಇರುತ್ತೇನೋ ನೋಡಬೇಕು. ಚೀಟಿ ಮತ್ತು ಕ್ಯಾಲೆಂಡರಿನ ಹಾಳೆ ಎರಡೂ ಸದ್ಯಕ್ಕೆ ಬ್ಲಾಟಿಂಗ್ ಕಾಗದದ ನಡುವೆ ಒಣಗುತ್ತಿವೆ.

ಕಣ್ಣು ತೋರಿಸಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಮನೆಯವರು ನಿನಗೆ ನಮಸ್ಕಾರ ಹೇಳಿದ್ದಾರೆ, ನಾನು ಒತ್ತಾಯ ಮಾಡಿದ ಮೇಲೆ ಹೇಳಿದ್ದು, ಆದರೂ ಲೆಕ್ಕಕ್ಕೆ ತೆಗೆದುಕೋ. ದೂರದಿಂದಲೇ ನಿನ್ನ ಕಾಲು ಮುಟ್ಟುತ್ತಿದ್ದೇನೆ, ಆಶೀರ್ವಾದ ಮಾಡುವ ಮನಸ್ಸಿದ್ದರೆ ಮಾಡು.

ಎಲ್ಲಿಗೆ ಹೋದರೂ ನಿನ್ನ ಹಿಂದೆಯೇ ಬರುತ್ತಿದ್ದ,
ಬಾಲಂಗೋಚಿ

ಮತ್ತೆ: ಗುರುವಾರ ಮಧ್ಯಾಹ್ನ. ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆ ಹೊರಡುವ ಹೊತ್ತಾಯಿತು. ಕಾರ್ಡು ಹಾಕಬೇಡ, ಆಗಿಹೋಯಿತು. ದರ್ಜಿಯ ತಾಯಿ ಬೆಳಿಗ್ಗೆ ಬಂದರು. ‘ನನ್ನ ಮಗ ಓದಿದ ಪುಸ್ತಕ ಕೊಡಮ್ಮ’ ಅಂದರು. ಯಾವುದಾದರೊಂದು ತರೋಣವೆಂದು ಒಳಗೆ ಬಂದೆ, ಕೈ ಅದನ್ನೇ ಎತ್ತಿಕೊಂಡಿತು. ಯೋಚನೆ ಮಾಡಿ ಎತ್ತಿಕೊಂಡೆ ಎಂದರೆ ಸುಳ್ಳು. ಚೀಟಿ ಸಮೇತ ಕೊಟ್ಟೆ. ಇದೇನೆಂದು ಕೇಳಿದರು. ಪಕ್ಕದಲ್ಲಿ ಕೂತು ಒಂದೊಂದೇ ನಂಬರು ತೋರಿಸಿ ಹನ್ನೊಂದು ಹೆಸರನ್ನೂ ಹೇಳಿದೆ. ಏಳನೆಯದರ ಮೇಲೆ ಬೆರಳಿಟ್ಟುಕೊಂಡೇ ಇದ್ದರು. ‘ಬರೆದಿದ್ದು ಯಾರು?’ ಅಂದರು. ‘ನಮ್ಮಪ್ಪ’ ಅಂದೆ, ಪೊಲೀಸರು ಹಿಡಿದದ್ದು ಇದನ್ನೇ ನೋಡಿ ಎಂದೂ ಹೇಳಿದೆ, ನಿನ್ನ ಪೆನ್ಸಿಲ್ಲಿನ ಸಾಲನ್ನೂ ಓದಿದೆ. ಆಮೇಲೆ, ‘ಅಷ್ಟೊಂದು ಪುಸ್ತಕ ಕೊಟ್ಟರು, ಇದೊಂದು ಕೊಡಲಿಲ್ಲ ನೋಡು’ ಅಂದರು. ಮೇಡಂ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾರೆ. ವಿವರಣೆಯನ್ನು ನನ್ನಿಂದ ವಾಪಸು ತೆಗೆದುಕೊಂಡರು. ಅಪ್ಪನ ಫೋಟೋ ಏನು ಮಾಡುವುದೆಂದು ಕೇಳಿದರು, ನಾನು ದರ್ಜಿಯ ತಾಯಿಯ ಕಡೆ ನೋಡಿದೆ. ‘ಇರಲಿ ಬಿಡಿ, ಅವರೂ ನೋಡ್ತಿರಲಿ’ ಅಂದರು ಆಕೆ. ಹೊರಡುವಾಗ ನನ್ನ ಕೈ ಹಿಡಿದು, ‘ಆ ಹುಡುಗ ಇದಾನಾ?’ ಅಂದರು. ಇದ್ದಾರೆ, ಅರವತ್ತಾರು ವರ್ಷ ಅಂದೆ. ‘ಬರೋಕೆ ಹೇಳು. ಅವನ ಮುಖ ಒಂದ್ಸಲ ಒರೆಸಬೇಕು ನಾನು’ ಅಂದರು. ಬರುವುದಾದರೆ ಗುರುವಾರವೇ ಬಾ, ಬೇರೆ ದಿನ ಆಕೆಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ.